ಪೆಟ್ರೋಲಿಯಂ ಇಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ.: ಕರಾವಳಿಯಲ್ಲಿದ್ದುಕೊಂಡೇ ಮಾಡಲು ಸಾಧ್ಯವೇ?

ಪ್ರಶ್ನೆ: ಕಿನ್ನಿಗೋಳಿಯ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ರಾಸಾಯನಿಕ ಇಂಜಿನಿಯರಿಂಗ್‌ನಲ್ಲಿ ಬಿ.ಇ. ಮತ್ತು ಎಂ.ಟೆಕ್. ಮುಗಿಸಿ, ಈಗ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಪ್ರೊಸೆಸ್ ಇಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಎಂ.ಟೆಕ್.ನಲ್ಲಿ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ) ದ್ರಾವಣಗಳ ಸ್ನಿಗ್ಧತೆಯ, ಎಂದರೆ ದಪ್ಪದ, ಬಗ್ಗೆ ಯೋಜನಾ ವರದಿ ಬರೆಯುವಾಗ, ರಾಜಸ್ಥಾನದ ಮಂಗಳಾ ತೈಲಕ್ಷೇತ್ರದಲ್ಲಿ ಇಂಥದೇ ದ್ರಾವಣವನ್ನು ನೆಲದೊಳಕ್ಕೆ ಕಳುಹಿಸಿ ತೈಲವನ್ನು ಹೊರದೂಡುತ್ತಾರೆಂದು ಓದಿದೆ. ಅಂದಿನಿಂದ ಈ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆ ಬಲವಾಗಿದೆ.

ನನ್ನ ಸಂದೇಹಗಳು ಇವು. ಪೆಟ್ರೋಲಿಯಂ ಪದವಿ ಇಲ್ಲದವರನ್ನು ಈ ವಿಷಯದ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತಾರೆಯೇ? ಮನೆಯಲ್ಲಿ ಅಮ್ಮ ಒಬ್ಬರೇ ಇರುವುದರಿಂದ ಊರು ಬಿಡುವುದು ಕಷ್ಟ, ಕಚ್ಚಾತೈಲ ಸಂಸ್ಕರಿಸುವ ಎಂ.ಆರ್.ಪಿ.ಎಲ್. ರಿಫೈನರಿ ಇಷ್ಟು ಹತ್ತಿರವಿರುವಾಗ ಇಲ್ಲಿಯೇ ಏಕೆ ಮಾಡಬಾರದು ಎಂದು ಬಂಧುಗಳೂ ಕೇಳುತ್ತಾರೆ. ಕೊನೆಯದಾಗಿ, ವಿದ್ಯುತ್ ವಾಹನಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ನಾಲ್ಕೈದು ವರ್ಷ ಇದಕ್ಕೆ ಮುಡಿಪಾಗಿಟ್ಟರೆ ಆಮೇಲೆ ಕೆಲಸ ಸಿಗುತ್ತದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಧನಬಾದಿನಲ್ಲಿ ಸಂಶೋಧನೆ ಮುಗಿಸಿದ ಉಡುಪಿಯವರು

ಮೊದಲ ಸಂದೇಹದ ಬಗ್ಗೆ ಹೆಚ್ಚು ಚಿಂತಿಸಬೇಡಿ. ಈ ಕ್ಷೇತ್ರದ ಸಂಶೋಧಕರಲ್ಲಿ ರಾಸಾಯನಿಕ, ಯಂತ್ರಶಾಸ್ತ್ರ, ಗಣಿ ಹಾಗೂ ಭೂವಿಜ್ಞಾನದ ಹಿನ್ನೆಲೆಯವರು ಬಹಳ ಮಂದಿ ಇದ್ದಾರೆ. ಪಾಲಿಮರ್ ವಿಷಯದಲ್ಲಂತೂ ರಾಸಾಯನಿಕ ಇಂಜಿನಿಯರ್‌ಗೆ ಅನುಕೂಲವೇ ಹೆಚ್ಚು. ಯಾವ ಪದವಿಗಳನ್ನು ಪರಿಗಣಿಸುತ್ತಾರೆ ಎಂಬುದನ್ನು ಮಾತ್ರ ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು.

ಆದರೆ ನಿಮ್ಮ ಬಂಧುಗಳ ಮಾತಿನಲ್ಲಿ ಒಂದು ಗೊಂದಲವಿದೆ. ಕುತ್ತೆತ್ತೂರಿನ ಆ ರಿಫೈನರಿ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲವನ್ನು ಸಂಸ್ಕರಿಸುವ ದೊಡ್ಡ ಸ್ಥಾವರವೇನೋ ಹೌದು. ಆದರೆ ಅಲ್ಲಿ ನಡೆಯುವ ಆಸವನ (ಕಾಯಿಸಿ ಬೇರ್ಪಡಿಸುವುದು), ಕ್ರ್ಯಾಕಿಂಗ್ (ದೊಡ್ಡ ಅಣುಗಳನ್ನು ಒಡೆಯುವುದು), ಗಂಧಕ ನಿವಾರಣೆ ಇವೆಲ್ಲವೂ ರಾಸಾಯನಿಕ ಇಂಜಿನಿಯರಿಂಗ್‌ನ ವಿಷಯಗಳು. ಪೆಟ್ರೋಲಿಯಂ ಇಂಜಿನಿಯರಿಂಗ್ ಎಂದರೆ ತೈಲವು ರಿಫೈನರಿಗೆ ಬರುವ ಮೊದಲಿನ ಕಥೆ: ಶಿಲೆಯ ರಂಧ್ರಗಳಲ್ಲಿ ತೈಲ ಹೇಗೆ ನಿಂತಿದೆ, ಬಾವಿಯನ್ನು ಹೇಗೆ ಕೊರೆಯಬೇಕು, ಎಷ್ಟು ಒತ್ತಡದಲ್ಲಿ ಎಷ್ಟು ತೈಲ ಮೇಲೆ ಬರುತ್ತದೆ ಎಂಬುದರ ಅಧ್ಯಯನ. ಕರ್ನಾಟಕದಲ್ಲಿ ತೈಲ ತೆಗೆಯುವ ಬಾವಿಗಳಿಲ್ಲ. ಆದ್ದರಿಂದ ರಿಫೈನರಿ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ನಿಮ್ಮ ಸಂಶೋಧನೆ ಸುಲಭವಾಗುವುದಿಲ್ಲ.

ನಿಮ್ಮ ಆಸಕ್ತಿ ಇರುವುದು ತೈಲ ಗಳಿಕೆಯ ಹೆಚ್ಚಳದ ವಿಧಾನಗಳಲ್ಲಿ. ಮೊದಲು ಶಿಲೆಯೊಳಗಿನ ಸಹಜ ಒತ್ತಡದಿಂದ ಒಂದಿಷ್ಟು ತೈಲ ಬರುತ್ತದೆ, ಬಳಿಕ ನೀರು ತುಂಬಿ ದೂಡಿದರೆ ಇನ್ನೊಂದಿಷ್ಟು ಬರುತ್ತದೆ. ಇಷ್ಟಾದರೂ ಜಗತ್ತಿನ ಕ್ಷೇತ್ರಗಳಲ್ಲಿ ಸರಾಸರಿ ಮೂರನೇ ಒಂದು ಪಾಲಿನಷ್ಟೇ ಹೊರಬಂದು, ಉಳಿದದ್ದು ಶಿಲೆಯಲ್ಲಿಯೇ ನಿಲ್ಲುತ್ತದೆ. ನೀರು ತೈಲಕ್ಕಿಂತ ತೆಳುವಾಗಿರುವುದರಿಂದ ತನಗೆ ಸುಲಭವಾದ ದಾರಿಯನ್ನು ಹಿಡಿದು ಮುಂದೆ ಹರಿದು ಬಾವಿಯನ್ನು ಸೇರಿಬಿಡುತ್ತದೆ, ಅಕ್ಕಪಕ್ಕದ ತೈಲ ಹಾಗೆಯೇ ಉಳಿಯುತ್ತದೆ. ಪಾಲಿಮರ್ ಬೆರೆಸಿದ ನೀರು ದಪ್ಪವಾಗಿರುವುದರಿಂದ ಈ ನುಸುಳುವಿಕೆ ತಗ್ಗಿ, ತೈಲದ ಮುಂಭಾಗವನ್ನು ಸಮವಾಗಿ ದೂಡುತ್ತದೆ. 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಆರಂಭಿಸಿದ ಮಂಗಳಾ ಕ್ಷೇತ್ರದ ತೈಲದಲ್ಲಿ ಮೇಣದ ಅಂಶ ಎಷ್ಟಿದೆಯೆಂದರೆ, ಅದನ್ನು ಗುಜರಾತಿಗೆ ಸಾಗಿಸುವ ಸುಮಾರು 670 ಕಿಲೋಮೀಟರ್ ಕೊಳವೆಮಾರ್ಗವನ್ನು ಉದ್ದಕ್ಕೂ ಬಿಸಿಯಾಗಿಯೇ ಇಡಬೇಕು. ಆ ಕ್ಷೇತ್ರದ ಶಿಲೆಯೊಳಗಿನ ಉಷ್ಣತೆಯಲ್ಲಿ, ಲವಣಯುಕ್ತ ನೀರಿನಲ್ಲಿ ಪಾಲಿಮರ್‌ನ ಸರಪಳಿಗಳು ಎಷ್ಟು ಕಾಲ ತುಂಡಾಗದೆ ಉಳಿಯುತ್ತವೆ, ಶಿಲೆಗೆ ಅಂಟಿಕೊಂಡು ಎಷ್ಟು ನಷ್ಟವಾಗುತ್ತವೆ ಎಂಬ ಪ್ರಶ್ನೆಗಳು ನಿಮ್ಮ ಎಂ.ಟೆಕ್. ಕೆಲಸದ ಸಹಜ ಮುಂದುವರಿಕೆಯಾಗಬಲ್ಲವು.

ಈ ಕೆಲಸಕ್ಕೆ ಕೋರ್ ಫ್ಲಡಿಂಗ್ ಸೌಲಭ್ಯವಿರುವ ಪ್ರಯೋಗಾಲಯ ಬೇಕೇ ಬೇಕು. ಬೆರಳುದ್ದದ ಶಿಲಾಸ್ತಂಭವನ್ನು ಉಕ್ಕಿನ ಕೋಶದಲ್ಲಿಟ್ಟು, ಸುತ್ತಲಿನಿಂದ ಒತ್ತಡ ಹಾಕಿ, ಮೊದಲು ಲವಣಜಲ, ಆಮೇಲೆ ತೈಲ, ಮತ್ತೆ ಲವಣಜಲ, ಬಳಿಕ ಪಾಲಿಮರ್ ದ್ರಾವಣವನ್ನು ಅತಿ ನಿಧಾನವಾಗಿ ಹಾಯಿಸುವ ಪ್ರಯೋಗವದು. ಒಂದೊಂದು ಪ್ರಯೋಗಕ್ಕೂ ದಿನಗಟ್ಟಲೆ ಹಿಡಿಯುತ್ತದೆ. ಎಲ್ಲಿಯಾದರೂ ಸೋರಿಕೆಯಾದರೆ ಮೊದಲಿನಿಂದ ಆರಂಭಿಸಬೇಕು. ನನ್ನ ದೃಷ್ಟಿಯಲ್ಲಿ ಸಂಸ್ಥೆಯ ಹೆಸರಿಗಿಂತ ಈ ಉಪಕರಣ ಸುಸ್ಥಿತಿಯಲ್ಲಿದೆಯೇ, ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದ್ದಾರೆ ಎಂಬುದೇ ಮುಖ್ಯ. ಸೇರುವ ಮೊದಲು ಅಲ್ಲಿಯ ಹಿರಿಯ ವಿದ್ಯಾರ್ಥಿಗಳೊಂದಿಗೆ ಮಾತಾಡದೆ ಒಪ್ಪಿಕೊಳ್ಳಬೇಡಿ.

ದೇಶದಲ್ಲಿ ಈ ವಿಷಯಕ್ಕೆ ಹಳೆಯ ಮನೆ ಧನಬಾದಿನ ಈಗಿನ ಐಐಟಿ. ಅಲ್ಲಿ ಪೆಟ್ರೋಲಿಯಂ ವಿಭಾಗ 1957ರಲ್ಲಿ ಆರಂಭವಾಯಿತು. ಅಮೇಥಿ ಜಿಲ್ಲೆಯ ಜಾಯಸ್‌ನಲ್ಲಿರುವ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆ, 2016ರಲ್ಲಿ ಶುರುವಾದ ವಿಶಾಖಪಟ್ಟಣದ ಭಾರತೀಯ ಪೆಟ್ರೋಲಿಯಂ ಮತ್ತು ಇಂಧನ ಸಂಸ್ಥೆ, ಗಾಂಧಿನಗರದ ಪಂಡಿತ್ ದೀನದಯಾಳ್ ಇಂಧನ ವಿಶ್ವವಿದ್ಯಾಲಯ ಇವೂ ಇವೆ. ನಮಗೆ ಹತ್ತಿರವಾದದ್ದು ಮದ್ರಾಸ್ ಐಐಟಿ. ಅಲ್ಲಿ ಸಾಗರ ಇಂಜಿನಿಯರಿಂಗ್ ವಿಭಾಗದ ಅಡಿಯಲ್ಲಿ ಪೆಟ್ರೋಲಿಯಂ ವಿಷಯದ ಅಧ್ಯಯನ ನಡೆಯುತ್ತದೆ. ಶಿಷ್ಯವೇತನದ ಮಟ್ಟಿಗೆ, 2023ರ ಜನವರಿಯಿಂದ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000 ರೂಪಾಯಿ ಎಂದು ನಿಗದಿಯಾಗಿದೆ. ಮನೆಗೆ ಸ್ವಲ್ಪ ಕಳುಹಿಸಿ ಹಾಸ್ಟೆಲಿನಲ್ಲಿ ಬದುಕಲು ಅದು ಸಾಕು.

ಉತ್ತರ: ಕಾಪುವಿನ ಭೂತಂತ್ರಜ್ಞ

ಹಿಂದಿನವರು ಹೇಳಿದ್ದೆಲ್ಲವೂ ಸರಿ. ಆದರೆ ಊರು ಬಿಡುವುದು ಕಷ್ಟವೆಂದು ನೀವು ಬರೆದಿರುವುದರಿಂದ, ನಮ್ಮ ಕಾಲಡಿಯಲ್ಲಿಯೇ ಇರುವ ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಬೇಕೆನಿಸಿತು.

ದೇಶದ ತುರ್ತು ಬಳಕೆಗಾಗಿ ಕಚ್ಚಾತೈಲವನ್ನು ಕಾಪಿಡುವ ಭೂಗತ ಸಂಗ್ರಹಾಗಾರಗಳಲ್ಲಿ ಮೊದಲ ಹಂತದವು ಮೂರು: ವಿಶಾಖಪಟ್ಟಣದ್ದು 13.3 ಲಕ್ಷ ಟನ್, ಮಂಗಳೂರಿನದು 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್. ಎಂದರೆ ಒಟ್ಟು 53.3 ಲಕ್ಷ ಟನ್‌ನಲ್ಲಿ ಮುಕ್ಕಾಲು ಪಾಲು ನಮ್ಮ ಎರಡು ಜಿಲ್ಲೆಗಳ ನೆಲದೊಳಗಿದೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್‌ನ ಎರಡನೇ ಹಂತಕ್ಕೆ 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದೆ.

ಈ ಗುಹೆಗಳ ಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ತೈಲವು ಬರಿಯ ಬಂಡೆಯ ನಡುವೆ ನಿಂತಿದೆ. ಅದು ಬಿರುಕುಗಳ ಮೂಲಕ ಹೊರಗೆ ಹೋಗದಂತೆ ತಡೆಯುವುದು ಸುತ್ತಲಿನ ಅಂತರ್ಜಲದ ಒತ್ತಡ. ಗುಹೆಯ ಮೇಲ್ಭಾಗದಲ್ಲಿ ಸುರಂಗಗಳನ್ನು ತೋಡಿ, ಅಲ್ಲಿಂದ ಬಂಡೆಯೊಳಕ್ಕೆ ಸಾಲುಸಾಲಾಗಿ ರಂಧ್ರ ಕೊರೆದು ನೀರು ತುಂಬುತ್ತಾರೆ. ಈ ನೀರಿನ ಪರದೆಯಿಂದಾಗಿ ಹರಿವು ಯಾವಾಗಲೂ ಹೊರಗಿನಿಂದ ಗುಹೆಯ ಕಡೆಗೇ ಇರುತ್ತದೆ. ಒಳಗೆ ಒಸರಿದ ನೀರು ತೈಲಕ್ಕಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಅದನ್ನು ಪಂಪಿನಿಂದ ಮೇಲೆತ್ತುತ್ತಾರೆ.

ಈಗ ನಮ್ಮ ಹವಾಮಾನವನ್ನು ಇದರೊಂದಿಗೆ ಸೇರಿಸಿ ಯೋಚಿಸಿ. ಮಳೆಗಾಲದ ಆಟಿ ತಿಂಗಳಲ್ಲಿ ಬಾವಿಗಳು ಕಟ್ಟೆಯವರೆಗೆ ತುಂಬುವ ಈ ನಾಡಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ನೀರು ತರಿಸಬೇಕಾಗುತ್ತದೆ. ಮೇಲೆ ಮುರಕಲ್ಲು, ಕೆಳಗೆ ಗ್ರಾನೈಟ್ ಜಾತಿಯ ನೈಸ್ ಶಿಲೆ. ಮಳೆಗಾಲ ಮತ್ತು ಬೇಸಿಗೆಯ ನಡುವೆ ಅಂತರ್ಜಲದ ಮಟ್ಟ ಇಷ್ಟು ಏರಿಳಿಯುವಾಗ, ಬಿರುಕುಗಳಲ್ಲಿನ ಒತ್ತಡ ಎಷ್ಟು ಆಳದವರೆಗೆ ಬದಲಾಗುತ್ತದೆ? ಬಿರುಕಿನ ಅಗಲ ಎರಡರಷ್ಟಾದರೆ ಅದರಲ್ಲಿ ಹರಿಯುವ ನೀರು ಎಂಟರಷ್ಟಾಗುತ್ತದೆ ಎಂಬುದು ಈ ಶಾಸ್ತ್ರದ ಮೂಲ ನಿಯಮ. ಹೀಗಿರುವಾಗ ಕೆಲವೇ ಬಿರುಕುಗಳು ಇಡೀ ಗುಹೆಯ ಒಸರನ್ನು ನಿರ್ಧರಿಸಬಲ್ಲವು. ಅವು ಯಾವುವು ಎಂದು ಮೊದಲೇ ಗುರುತಿಸುವುದು ಹೇಗೆ? ಸುತ್ತಲಿನ ಊರುಗಳ ಮನೆಬಾವಿಗಳೂ ಅದೇ ಅಂತರ್ಜಲವನ್ನು ನಂಬಿರುವುದರಿಂದ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಜನರಿಗೂ ಉಪಯೋಗವಿದೆ.

ಇದು ಪೆಟ್ರೋಲಿಯಂ ಇಂಜಿನಿಯರಿಂಗ್ ಅಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವಿಯೆಟ್ನಾಮಿನ ಬಾಕ್ ಹೋ ಕ್ಷೇತ್ರದಲ್ಲಿ ತೈಲ ಸಿಗುವುದು ಬಿರುಕುಬಿಟ್ಟ ಗ್ರಾನೈಟ್ ಶಿಲೆಯಲ್ಲಿಯೇ. ನಮ್ಮ ಕಾವೇರಿ ಜಲಾನಯನದ ಮದನಂ ಕ್ಷೇತ್ರದಲ್ಲಿಯೂ ತಳಶಿಲೆಯಿಂದ ತೈಲ ಬರುತ್ತದೆ. ಬಿರುಕುಗಳಲ್ಲಿ ನೀರು ಮತ್ತು ತೈಲ ಜೊತೆಯಾಗಿ ಹರಿಯುವುದನ್ನು ಪಾದೂರಿನ ಶಿಲೆಯನ್ನು ಇಟ್ಟುಕೊಂಡು ಕಲಿತವರು ಅಲ್ಲಿಯೂ ಕೆಲಸ ಮಾಡಬಲ್ಲರು. ಸುರತ್ಕಲ್‌ನ ಎನ್.ಐ.ಟಿ.ಕೆ.ಯಲ್ಲಿ ಪೆಟ್ರೋಲಿಯಂ ಹೆಸರಿನ ವಿಭಾಗವಿಲ್ಲದಿದ್ದರೂ, ರಾಸಾಯನಿಕ, ಗಣಿ, ಜಲಸಂಪನ್ಮೂಲ ಹಾಗೂ ಸಾಗರ ಇಂಜಿನಿಯರಿಂಗ್ ವಿಭಾಗಗಳಿವೆ. ಒಬ್ಬ ಮಾರ್ಗದರ್ಶಕರು ರಾಸಾಯನಿಕ ವಿಭಾಗದವರು, ಸಹ ಮಾರ್ಗದರ್ಶಕರು ಗಣಿ ಅಥವಾ ಜಲಸಂಪನ್ಮೂಲ ವಿಭಾಗದವರು ಎಂಬ ವ್ಯವಸ್ಥೆಯನ್ನು ಕೇಳಿ ನೋಡಿ. ಸಂಗ್ರಹಾಗಾರಗಳ ಒಳಗಿನ ಅಳತೆಗಳು ಭದ್ರತೆಯ ಕಾರಣದಿಂದ ಸುಲಭವಾಗಿ ಸಿಗಲಾರವು. ಆದ್ದರಿಂದ ಮನೆಬಾವಿಗಳ ಮಟ್ಟ, ಮಳೆಯ ದಾಖಲೆ, ಪ್ರಯೋಗಾಲಯದಲ್ಲಿ ಸ್ಥಳೀಯ ಶಿಲೆಯ ಮೇಲಿನ ಪರೀಕ್ಷೆ ಇವುಗಳಿಂದಲೇ ನಿಲ್ಲಬಲ್ಲ ಪ್ರಸ್ತಾವವನ್ನು ಸಿದ್ಧಪಡಿಸಬೇಕು.

ಉತ್ತರ: ನಾರ್ವೆಯಲ್ಲಿರುವ ಮಣಿಪಾಲದವರು

ಹೊರದೇಶದ ವಿಷಯವನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ನಾರ್ವೆಯಲ್ಲಿ ಪಿಎಚ್.ಡಿ. ಎಂದರೆ ಸಂಬಳದ ಉದ್ಯೋಗ. ಹುದ್ದೆಯ ಜಾಹೀರಾತಿಗೆ ಅರ್ಜಿ ಹಾಕಬೇಕು, ಅವಧಿ ಸಾಮಾನ್ಯವಾಗಿ ಮೂರು ವರ್ಷ, ಬೋಧನೆಯ ಹೊಣೆ ಸೇರಿದರೆ ನಾಲ್ಕು. ಅಮೆರಿಕದಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ, ಟೆಕ್ಸಾಸ್ ಎ ಅಂಡ್ ಎಂ ಮುಂತಾದ ಕಡೆ ನಾಲ್ಕೈದು ವರ್ಷ ಹಿಡಿಯುತ್ತದೆ, ನಡುವೆ ಅರ್ಹತಾ ಪರೀಕ್ಷೆಯೂ ಇರುತ್ತದೆ.

ಊರಿನಿಂದಲೇ ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಇಲ್ಲಿಯ ಈಕ್ವಿನಾರ್ ಕಂಪನಿಯು ಉತ್ತರ ಸಮುದ್ರದ ವೋಲ್ವೆ ಕ್ಷೇತ್ರದ ಸಮಗ್ರ ಮಾಹಿತಿಯನ್ನು 2018ರಲ್ಲಿ ಸಾರ್ವಜನಿಕಗೊಳಿಸಿತು. 2008ರಿಂದ 2016ರವರೆಗಿನ ಉತ್ಪಾದನೆ, ಬಾವಿಗಳ ದಾಖಲೆ, ನೆಲದೊಳಕ್ಕೆ ಕಂಪನ ಕಳುಹಿಸಿ ನಡೆಸಿದ ಸಮೀಕ್ಷೆ ಎಲ್ಲವೂ ಸೇರಿ ಸುಮಾರು 40,000 ಕಡತಗಳಿವೆ. ಇವುಗಳ ಮೇಲೆ ಕೆಲಸ ಮಾಡಲು ಶಿಲೆಯೊಳಗಿನ ಹರಿವನ್ನು ಗಣಕದಲ್ಲಿ ಲೆಕ್ಕಹಾಕುವ ಓಪಿಎಂ ಎಂಬ ಉಚಿತ ಸಿಮ್ಯುಲೇಟರ್ ಇದೆ. ಒಂದು ಬಾವಿಯ ಉತ್ಪಾದನೆಯ ಇತಿಹಾಸಕ್ಕೆ ಸಿಮ್ಯುಲೇಟರಿನ ಲೆಕ್ಕವನ್ನು ಹೊಂದಿಸಿ, ಅದರ ಚಿತ್ರವೊಂದನ್ನು ಪತ್ರದೊಂದಿಗೆ ಪ್ರಾಧ್ಯಾಪಕರಿಗೆ ಕಳುಹಿಸಿದರೆ ಅವರು ಓದುತ್ತಾರೆ. ನೂರು ಮಂದಿಗೆ ಒಂದೇ ಪತ್ರ ಕಳುಹಿಸಿದರೆ ಯಾರೂ ಓದುವುದಿಲ್ಲ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪಾದೂರಿನ ವಿಷಯ ನನ್ನ ಮನಸ್ಸನ್ನು ಬಹಳವಾಗಿ ಹಿಡಿದಿದೆ. ದಿನವೂ ಆ ಕಡೆಯ ಹೆದ್ದಾರಿಯಲ್ಲಿ ಓಡಾಡುವವರಿಗೂ ಈ ವಿವರ ತಿಳಿದಿಲ್ಲ. ಕೆಲಸ ಬಿಡದೆ ಅರೆಕಾಲಿಕವಾಗಿ ಆರಂಭಿಸಬಹುದೇ? ಮುಂದಿನ ಉದ್ಯೋಗದ ಬಗ್ಗೆಯೂ ಎರಡು ಮಾತು ತಿಳಿಸಿ.

ಉತ್ತರ: ಧನಬಾದಿನಲ್ಲಿ ಸಂಶೋಧನೆ ಮುಗಿಸಿದ ಉಡುಪಿಯವರು

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಅದಕ್ಕೆ ನಿಮ್ಮ ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗಾಗಿ ಬಿಡುಗಡೆ ಕೊಡುತ್ತೇವೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಅದೇ ನಿಯಮದ ಪ್ರಕಾರ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷಗಳ ಸಡಿಲಿಕೆಯೂ ಇದೆ. ಐಐಟಿ ಮತ್ತು ಎನ್‌ಐಟಿಗಳಿಗೆ ತಮ್ಮದೇ ನಿಯಮಗಳಿರುವುದರಿಂದ ಸುರತ್ಕಲ್‌ನ ಕಚೇರಿಯಲ್ಲಿ ನೇರವಾಗಿ ವಿಚಾರಿಸಿ. ಪಾಳಿಯ ಕೆಲಸ ಮುಗಿಸಿ ಬಂದು ಕೋರ್ ಫ್ಲಡಿಂಗ್ ಪ್ರಯೋಗ ಮಾಡುವುದು ಸಾಧ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಬಿರುಕುಗಳ ಹರಿವನ್ನು ಗಣಕದಲ್ಲಿ ರೂಪಿಸುವ ವಿಷಯವಾದರೆ ಸಂಜೆ ಮತ್ತು ರಜಾದಿನಗಳಲ್ಲಿ ನಡೆಸಬಹುದು.

ಉದ್ಯೋಗದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ತೈಲದ ಬೆಲೆ ಕುಸಿದ ವರ್ಷಗಳಲ್ಲಿ ಕಂಪನಿಗಳು ಮೊದಲು ನಿಲ್ಲಿಸುವುದು ಸಂಶೋಧನೆಯ ಖರ್ಚನ್ನು. ಆದರೆ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಆಮದಾಗುತ್ತಿದೆ, ಅಹಮದಾಬಾದಿನಲ್ಲಿ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಯ ತೈಲಾಶಯ ಅಧ್ಯಯನ ಸಂಸ್ಥೆಯಂಥ ಕೇಂದ್ರಗಳು ನಡೆಯುತ್ತಿವೆ, ಹೊಸ ಪೆಟ್ರೋಲಿಯಂ ಸಂಸ್ಥೆಗಳಿಗೆ ಅಧ್ಯಾಪಕರು ಬೇಕಾಗಿದ್ದಾರೆ. ಇಂಗಾಲದ ಡೈಆಕ್ಸೈಡನ್ನು ನೆಲದೊಳಗೆ ಬಂಧಿಸುವ ಕೆಲಸಕ್ಕೂ ಇದೇ ವಿದ್ಯೆ ಬೇಕು. ಐಸ್‌ಲ್ಯಾಂಡಿನಲ್ಲಿ ಬಸಾಲ್ಟ್ ಶಿಲೆಗೆ ಕಳುಹಿಸಿದ ಅನಿಲದ ಬಹುಪಾಲು ಎರಡು ವರ್ಷದೊಳಗೆ ಖನಿಜವಾಗಿ ಗಟ್ಟಿಯಾಯಿತೆಂದು 2016ರಲ್ಲಿ ವರದಿಯಾದ ಮೇಲೆ, ನಮ್ಮ ದಖ್ಖನ್ ಬಸಾಲ್ಟ್‌ನ ಮೇಲೂ ಸಂಶೋಧಕರ ಕಣ್ಣಿದೆ. ಆದ್ದರಿಂದ ನಿಮ್ಮ ಪ್ರಸ್ತಾವದಲ್ಲಿ ತೈಲ ಎಂಬ ಮಾತಿಗಿಂತ, ಬಿರುಕುಬಿಟ್ಟ ಶಿಲೆಯಲ್ಲಿ ಎರಡು ದ್ರವಗಳ ಹರಿವು ಎಂಬ ಮಾತು ಮುಂದೆ ಬರಲಿ.

ಮೊದಲು ಎರಡು ಪುಟದ ಟಿಪ್ಪಣಿ ಬರೆದು ಇಲ್ಲಿಯೇ ಹಾಕಿ. ಕಾಪುವಿನವರೂ ನಾನೂ ಓದಿ ತಿದ್ದಿಕೊಡುತ್ತೇವೆ. ಆಮೇಲೆ ಅದನ್ನು ಹಿಡಿದುಕೊಂಡು ಸುರತ್ಕಲ್‌ನ ಪ್ರಾಧ್ಯಾಪಕರನ್ನು ಕಾಣಿರಿ.