ಜಯಲಕ್ಷ್ಮೀವಿಲಾಸ: ಅರಮನೆಯೋ, ಸೌಧವೋ, ಮ್ಯಾನ್ಷನ್ನೋ?

ಪದಚರ್ಚೆಯ ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮೈಸೂರಿನ ಹಳೆಯ ಕಟ್ಟಡಗಳನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಒಂದು ಕಿರುಹೊತ್ತಗೆಯ ಕರಡನ್ನು ತಿದ್ದುತ್ತಿದ್ದೇನೆ. ಅದರ ಒಂದು ವಾಕ್ಯ ಮೂರು ದಿನಗಳಿಂದ ನನ್ನನ್ನು ಮುಂದಕ್ಕೆ ಹೋಗಗೊಟ್ಟಿಲ್ಲ: “ಮಾನಸಗಂಗೋತ್ರಿಯ ಆವರಣದಲ್ಲಿರುವ ಜಯಲಕ್ಷ್ಮಿ ವಿಲಾಸವು ವಿಕ್ಟೋರಿಯಾ ಕಾಲದ ಒಂದು ಅರಮನೆ.” ಮಾನಸಗಂಗೋತ್ರಿ ಎಂದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣ. ವಾಕ್ಯ ಓದಲು ಸರಾಗವಾಗಿಯೇ ಇದೆ. ಆದರೆ ಹೆಸರನ್ನು ಬರೆದಿರುವ ರೀತಿ, ‘ವಿಕ್ಟೋರಿಯಾ ಕಾಲದ’ ಎಂಬ ವಿಶೇಷಣ, ‘ಅರಮನೆ’ ಎಂಬ ನಾಮಪದ, ಈ ಮೂರರಲ್ಲಿ ಯಾವುದನ್ನೂ ಹಾಗೆಯೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಮಕ್ಕಳ ಕೈಗೆ ಹೋಗುವ ಪುಸ್ತಕವಾದ್ದರಿಂದ ತಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲು ಅರಮನೆಯ ವಿಚಾರ. ಅರಸನ ಮನೆಯೇ ಅರಮನೆ. ಪದದ ಹುಟ್ಟಿನಲ್ಲಿಯೇ ಒಡೆಯ ಯಾರೆಂಬುದು ಅಡಕವಾಗಿದೆ. ಜಯಲಕ್ಷ್ಮೀವಿಲಾಸದಲ್ಲಿ ಯಾವ ಅರಸನೂ ಆಳಿದವನಲ್ಲ. ಅದು ಚಾಮರಾಜ ಒಡೆಯರ ಹಿರಿಯ ಮಗಳು, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಮನೆ. ಇವರ ಮದುವೆಯ ಸಂಭ್ರಮದ ನಡುವೆಯೇ, 1897ರಲ್ಲಿ, ಕೋಟೆಯೊಳಗಿನ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಅಂದರೆ ಊರ ನಡುವೆ ಅರಸರ ಮನೆ ಮತ್ತೆ ಏಳುತ್ತಿದ್ದ ವರ್ಷಗಳಲ್ಲಿಯೇ, ಕುಕ್ಕರಹಳ್ಳಿ ಕೆರೆಯ ಆಚೆಯ ದಿಬ್ಬದ ಮೇಲೆ ಮಗಳ ಮನೆಯೂ ಎದ್ದಿತು. ಜಯಲಕ್ಷ್ಮಮ್ಮಣ್ಣಿಯವರ ಪತಿ ಸರ್ದಾರ್ ಕಾಂತರಾಜ ಅರಸು ಮುಂದೆ 1919ರಿಂದ 1922ರವರೆಗೆ ಮೈಸೂರಿನ ದಿವಾನರಾದರು. ದಿವಾನರ ಮನೆಯನ್ನು ಅರಮನೆ ಎನ್ನುವ ರೂಢಿ ನಮ್ಮಲ್ಲಿಲ್ಲ. ಹೆಸರಿನ ತುದಿಯ ‘ಅರಸು’ವನ್ನು ಹಿಡಿದು ‘ಅರಸಿನವರ ಮನೆಯಾದ್ದರಿಂದ ಅರಮನೆ’ ಎಂದು ಒಬ್ಬರು ಸಮರ್ಥಿಸಿದರು. ಅಲ್ಲಿ ಅರಸು ಎಂಬುದು ಮನೆತನದ ಗುರುತೇ ಹೊರತು ಆಳ್ವಿಕೆಯ ಗುರುತಲ್ಲ.

ಹಾಗಾದರೆ ಮೈಸೂರಿನವರು ಇದನ್ನು ಏನೆನ್ನುತ್ತಿದ್ದರು? ‘ಮೊದಲನೆಯ ರಾಜಕುಮಾರಿ ಮ್ಯಾನ್ಷನ್’ ಎಂದು. ಎರಡನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರದು ಕಾರಂಜಿ ಮ್ಯಾನ್ಷನ್, ಈಗ ಅಂಚೆ ಇಲಾಖೆಯ ತರಬೇತಿ ಕೇಂದ್ರ. ಮೂರನೆಯವರಾದ ಚೆಲುವಾಜಮ್ಮಣ್ಣಿಯವರದು ಚೆಲುವಾಂಬ ಮ್ಯಾನ್ಷನ್, ಈಗ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಮೂರು ಮನೆಗೂ ಒಂದೇ ಪದ ನಿಂತಿರುವುದನ್ನು ಗಮನಿಸಬೇಕು. ಅರಸರು ಇರುವುದು ಅರಮನೆ, ಮದುವೆಯಾದ ಅರಸುಮಗಳು ಸಂಸಾರ ಹೂಡಿದ್ದು ಮ್ಯಾನ್ಷನ್ ಎಂಬ ಸ್ಪಷ್ಟವಾದ ವಿಂಗಡಣೆ ಮೈಸೂರಿನ ಮಾತಿನಲ್ಲಿತ್ತು ಎಂದೇ ನನ್ನ ತಿಳಿವಳಿಕೆ. ಎರವಲು ಪದವಾದರೂ ನೂರು ವರ್ಷಕ್ಕೂ ಮಿಗಿಲಾಗಿ ನಮ್ಮ ನಾಲಿಗೆಯ ಮೇಲೆ ಬಾಳಿ, ಒಂದು ಖಚಿತ ಅರ್ಥವನ್ನು ಹೊತ್ತಿರುವಾಗ ಅದನ್ನು ಕಿತ್ತುಹಾಕಿ ಅರಮನೆಯನ್ನು ತಂದರೆ, ಕನ್ನಡ ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಈ ಪದದ ಮೂಲ ಲ್ಯಾಟಿನ್ನಿನ ‘ತಂಗು, ಉಳಿ’ ಎಂಬರ್ಥದ ಧಾತು. ಆ ಲೆಕ್ಕದಲ್ಲಿ ನಮ್ಮ ‘ನಿವಾಸ’ ಇದಕ್ಕೆ ಹತ್ತಿರ. ಕನ್ನಡದ ‘ಮನೆ’ಗೂ ಇದಕ್ಕೂ ಉಚ್ಚಾರದಲ್ಲಿ ಕಾಣುವ ಹೋಲಿಕೆ ಕೇವಲ ಆಕಸ್ಮಿಕ. ಮನೆ ಅಚ್ಚ ದ್ರಾವಿಡ ಪದ, ತಮಿಳಿನ ‘ಮನೈ’ ಅದರ ಒಡಹುಟ್ಟು.

ಆದರೂ ಹೆಸರಿನ ಹೊರಗೆ, ಸಾಮಾನ್ಯ ನಾಮಪದವಾಗಿ ಬಳಸಲು ಒಂದು ಕನ್ನಡ ಪದ ಬೇಕಾಗುತ್ತದೆ. ‘ಬಂಗಲೆ’ ಚಿಕ್ಕದಾಯಿತು, ಅದರಲ್ಲಿ ಸಾಹೇಬರ ವಾಸನೆಯೂ ಇದೆ. ‘ಮಹಲು’ ಮೈಸೂರಿನಲ್ಲಿ ಲಲಿತಮಹಲಿನಂಥ ಕಟ್ಟಡಗಳಿಗೆ ಅಂಟಿಕೊಂಡಿದೆ. ‘ಹರ್ಮ್ಯ’ ಕಾವ್ಯದಾಚೆಗೆ ಬದುಕಿಲ್ಲ. ನನ್ನ ಒಲವು ‘ಸೌಧ’ದ ಕಡೆಗೆ. ಸುಧೆ ಎಂದರೆ ಅಮೃತ ಮಾತ್ರವಲ್ಲ, ಸುಣ್ಣದ ಗಾರೆಯೂ ಹೌದು. ಗಾರೆ ಬಳಿದು ಬೆಳ್ಳಗೆ ಹೊಳೆಯುವ ಕಟ್ಟಡವೇ ಸೌಧ. ದಿಬ್ಬದ ಮೇಲಿನ ಈ ಮನೆಗೆ ಇದಕ್ಕಿಂತ ಒಪ್ಪುವ ಪದ ಹೊಳೆಯುತ್ತಿಲ್ಲ. ತೊಡಕೆಂದರೆ, ವಿಧಾನಸೌಧ ಬಂದ ಮೇಲೆ ಸೌಧವೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಸರ್ಕಾರಿ ಕಚೇರಿ. ಈ ತೊಡಕು ದೊಡ್ಡದೋ ಚಿಕ್ಕದೋ ತಾವೇ ಹೇಳಬೇಕು.

ಇನ್ನು ‘ವಿಕ್ಟೋರಿಯಾ ಕಾಲದ’ ಎಂಬುದು. ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರವರೆಗೆ. 1905ರ ಕಟ್ಟಡ ಅವಳ ಮಗ ಏಳನೆಯ ಎಡ್ವರ್ಡನ ಕಾಲದ್ದು. ಆದ್ದರಿಂದ ಕಾಲವಾಚಕವಾಗಿ ಈ ವಿಶೇಷಣ ತಪ್ಪು. ‘ವಿಕ್ಟೋರಿಯನ್ ಮಾದರಿಯ’ ಎಂದು ಶೈಲಿವಾಚಕವಾಗಿ ತಿದ್ದಬಹುದೇ ಎಂದರೆ, ಅಲ್ಲಿಯೂ ಅರ್ಧ ಸತ್ಯವೇ. ಮುಂಭಾಗದ ಜೋಡಿ ಕಂಬಗಳ ತಲೆಯಲ್ಲಿ ಎಲೆ ಬಿಡಿಸಿಕೊಂಡಂತಿರುವುದು ಕೊರಿಂಥಿಯನ್ ಕೆತ್ತನೆ, ಗ್ರೀಕರ ಮೂಲದ್ದು. ಆ ಕಂಬಗಳ ಮೇಲಿನ ತ್ರಿಕೋನ ನೆತ್ತಿಯಲ್ಲಿ ಕುಳಿತಿರುವವಳು ನಮ್ಮ ಗಜಲಕ್ಷ್ಮಿ. ಒಳಗೆ ಕಲ್ಯಾಣಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಬಣ್ಣದ ಗಾಜು, ಸುತ್ತ ಕುಸುರಿ ಕೆತ್ತನೆಯ ಮರ. ದೇವಾಲಯದ ನವರಂಗದ ಕೆತ್ತನೆಯ ಒಳಛಾವಣಿಗೆ ‘ಭುವನೇಶ್ವರಿ’ ಎಂಬ ಚೆಲುವಾದ ಪದ ನಮ್ಮಲ್ಲಿರುವಾಗ, ಇಲ್ಲಿಗೂ ಅದನ್ನು ಧಾರಾಳವಾಗಿ ಬಳಸಬಹುದು. ಇಷ್ಟೆಲ್ಲ ಕೂಡಿದ ಮನೆಯನ್ನು ಒಬ್ಬ ರಾಣಿಯ ಹೆಸರಿನಿಂದ ಕರೆದು ಮುಗಿಸುವುದು ಕಟ್ಟಿದ ಕೈಗಳಿಗೆ ಮಾಡುವ ಅನ್ಯಾಯ. ‘ಐರೋಪ್ಯ ಅಭಿಜಾತ ಶೈಲಿಯ ಹೊರರೂಪ, ದೇಸಿ ಕೆತ್ತನೆಯ ಒಳಾಂಗಣ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಮಗು ಹೋಗಿ ನೋಡಿದರೆ ಕಾಣುವುದು ಅದೇ.

ಕೊನೆಯದಾಗಿ ಹೆಸರು. ‘ಜಯಲಕ್ಷ್ಮಿ ವಿಲಾಸ’ ಎಂದು ಬಿಡಿಸಿ, ಹ್ರಸ್ವವಾಗಿ ಬರೆಯುವುದು ಈಗಿನ ರೂಢಿ. ಸಂಸ್ಕೃತ ಸಮಾಸವಾದ್ದರಿಂದ ಈಕಾರ ಉಳಿದು ‘ಜಯಲಕ್ಷ್ಮೀವಿಲಾಸ’ ಎಂದು ಒಂದೇ ಪದವಾಗಬೇಕೆಂಬುದು ನನ್ನ ಪಕ್ಷ. ‘ಅಂಬಾವಿಲಾಸ’ದಲ್ಲಿ ದೀರ್ಘವನ್ನು ಯಾರೂ ಬಿಡುವುದಿಲ್ಲ. ಇಲ್ಲಿ ವಿಲಾಸವೆಂದರೆ ಭೋಗವಲ್ಲ, ಶೋಭೆ, ಲೀಲೆ, ಬೆಳಗುವಿಕೆ. ರಾಜಮಾತೆ ಕೆಂಪನಂಜಮ್ಮಣ್ಣಿಯವರ ‘ವಾಣೀವಿಲಾಸ ಸನ್ನಿಧಾನ’ ಎಂಬ ಬಿರುದಿನಲ್ಲಿ ಇರುವುದೂ ಇದೇ ಅರ್ಥ. ಇದರ ಜೊತೆಗೆ ಹುಟ್ಟಿದ ‘ವಿಳಾಸ’ ಹಳಗನ್ನಡದಲ್ಲಿ ಇದೇ ಅರ್ಥದಲ್ಲಿದ್ದು, ಇಂದು ಕಾಗದದ ಮೇಲೆ ಬರೆಯುವ ಠಿಕಾಣಿಯಾಗಿ ಕವಲೊಡೆದಿದೆ. ಮನೆಯ ಹೆಸರಿನಿಂದ ಮನೆಯ ಗುರುತಿಗೆ ಅರ್ಥ ಜಾರಿರಬಹುದೇ ಎಂಬುದು ನನ್ನ ಊಹೆ; ತಿಳಿದವರು ತಿದ್ದಬೇಕು.

ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡು, ಅವರೇ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟ ಆವರಣಕ್ಕೆ ಈ ಮನೆ ಸೇರಿತು. 1968ರಿಂದ ಅಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ರಾಜಕುಮಾರಿಯ ಕೋಣೆಗಳಲ್ಲಿ ತೊಗಲುಗೊಂಬೆಗಳೂ ಸೋಮನ ಮುಖಗಳೂ ಒಕ್ಕಲಿನ ಸಲಕರಣೆಗಳೂ ಬಂದು ಕುಳಿತಿವೆ. ಆದ್ದರಿಂದ ನನ್ನ ತಿದ್ದುಪಡಿ ಹೀಗಿದೆ: “ಮಾನಸಗಂಗೋತ್ರಿಯ ದಿಬ್ಬದ ಮೇಲಿರುವ ಜಯಲಕ್ಷ್ಮೀವಿಲಾಸ ಮ್ಯಾನ್ಷನ್, ಮೈಸೂರಿನ ಮೊದಲ ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿಸಿದ ಸೌಧ.” ಮ್ಯಾನ್ಷನ್ ಮತ್ತು ಸೌಧ ಎರಡೂ ಒಂದೇ ವಾಕ್ಯದಲ್ಲಿ ಬಂದದ್ದು ಪುನರುಕ್ತಿಯಾಗುತ್ತದೆಯೇ? ಪಡುವಾರಹಳ್ಳಿ, ಸರಸ್ವತಿಪುರದ ಕಡೆಯ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ, ವಿಶ್ವವಿದ್ಯಾನಿಲಯ ಬರುವ ಮೊದಲು ಆ ಮನೆಯನ್ನು ಆಡುಮಾತಿನಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಕರಡು ಇನ್ನೂ ನನ್ನ ಬಳಿಯೇ ಇದೆ.