ನಾಲೆ ನೀರಿನ ಠರಾವಿಗೆ ‘ಮರುಹಂಚಿಕೆ’ ಬೇಕೋ, ‘ಪಾಳಿ’ ಸಾಕೋ?

ಕೊನೆತೂಬಿನವ, ದಾವಣಗೆರೆ ತಾಲೂಕು:

ನಮ್ಮದು ಭದ್ರಾ ಬಲದಂಡೆ ನಾಲೆಯ ಕೊನೆ ಭಾಗ. ಬೆಳೆಯೋದು ಭತ್ತ. ನೀರು ಬಳಕೆದಾರರ ಸಂಘದ ಠರಾವು ತಿದ್ದಿಕೊಡು ಅಂತ ನನ್ನ ಕೈಗೆ ಹಾಕಿದ್ದಾರೆ, ಡಿಗ್ರಿ ಮಾಡಿದವನು ಅನ್ನೋ ಒಂದೇ ಕಾರಣಕ್ಕೆ. ಯಾರೋ ಟೈಪ್ ಮಾಡಿಸಿದ ಕರಡಲ್ಲಿ ‘ಲಭ್ಯ ನೀರಿನ ಸಂಪನ್ಮೂಲವನ್ನು ಮರುಹಂಚಿಕೆ ಮಾಡತಕ್ಕದ್ದು’ ಅಂತ ಐತೆ. ಸಭೆಯಲ್ಲಿ ಅದನ್ನ ಓದುತ್ತಿದ್ದ ಹಾಗೇ ಮೇಲ್ಭಾಗದ ಹಿರಿಯರೊಬ್ಬರು ಎದ್ದು, ‘ಮರುಹಂಚಿಕೆ ಅಂದ್ರೆ ಏನಪ್ಪಾ, ನಮ್ಮ ತೂಬಿಗೆ ಬೀಗ ಹಾಕ್ತೀರೇನು?’ ಅಂದ್ರು. ನಮ್ಮ ಕಡೆಯವರು ಬಿಡ್ತಾರಾ? ‘ಮರು ಯಾಕೆ, ಮೊದಲು ಹಂಚಿದ್ದೇ ನಮಗೆ ಮುಟ್ಟಿಲ್ಲ’ ಅಂದ್ರು. ಅಲ್ಲಿಗೆ ಸಭೆ ಮುಗೀತು.

ಈಗ ಹಂಚಿಕೆ, ವಿತರಣೆ, ಪಾಲು, ಸರದಿ, ಪಾಳಿ ಇಷ್ಟೂ ನನ್ನ ಮುಂದೆ ಇದಾವೆ. ಎಂಜಿನಿಯರೂ ಒಪ್ಪಬೇಕು, ನಾಲೆ ಗೇಟು ನೋಡಿಕೊಳ್ಳೋ ಸೌಡಿಗೂ ತಿಳೀಬೇಕು, ಮೇಲಿನವರು ದೊಣ್ಣೆ ಹಿಡೀಬಾರದು. ಯಾವುದು ಬರೀಲಿ?

ಹಳೇಪಹಣಿ, ಚನ್ನಗಿರಿ:

ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು ನಾನು, ಕಾಗದದ ಭಾಷೆ ಸ್ವಲ್ಪ ಗೊತ್ತು. ‘ಮರುಹಂಚಿಕೆ’ ಅಂದ ಕೂಡಲೇ ವಯಸ್ಸಾದ ರೈತನ ತಲೆಗೆ ಬರೋದು ಜಮೀನು. ದೇವರಾಜ ಅರಸು ಸರ್ಕಾರದ, ಗೇಣಿದಾರರಿಗೆ ಜಮೀನು ಕೊಡಿಸಿದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತಲ್ಲ, ಅದು. ತಮಾಷೆ ಅಂದ್ರೆ ಅಷ್ಟು ದೊಡ್ಡ ಮರುಹಂಚಿಕೆ ನಡೆದರೂ ಹಳ್ಳಿಯಲ್ಲಿ ಯಾರ ಬಾಯಲ್ಲೂ ಆ ಪದ ಇರಲಿಲ್ಲ. ಘೋಷಣೆ ‘ಉಳುವವನೇ ಹೊಲದೊಡೆಯ’. ಮಾತಲ್ಲಿ ‘ಡಿಕ್ಲರೇಷನ್ ಹಾಕಿದ’. ನಮೂನೆ 7ರಲ್ಲಿ ಅರ್ಜಿ, ಭೂ ನ್ಯಾಯ ಮಂಡಳಿಯಲ್ಲಿ ತೀರ್ಮಾನ. ಇವತ್ತಿಗೂ ಕಳಕೊಂಡ ಮನೆಯವರು ‘ಟೆನೆನ್ಸಿಯಲ್ಲಿ ಹೋಯ್ತು’ ಅಂತಾರೆ, ಪಡೆದವರು ‘ಟೆನೆನ್ಸಿಯಲ್ಲಿ ಬಂತು’ ಅಂತಾರೆ. ಗದ್ದೆ ಅದೇ, ಸರ್ವೆ ನಂಬರೂ ಅದೇ.

ಸರ್ಕಾರ ಕೊಟ್ಟರೆ ‘ಮಂಜೂರು’. ಅಣ್ಣತಮ್ಮಂದಿರು ಬೇರೆಯಾದರೆ ‘ಪಾಲು’, ದಾಖಲೆಯಲ್ಲಿ ‘ಹಿಸ್ಸೆ’. ಮಂಜೂರಿಗೆ ಕೈಮುಗಿದು ಅರ್ಜಿ ಕೊಡಬೇಕು, ಪಾಲನ್ನ ಎದೆಯುಬ್ಬಿಸಿ ಕೇಳಬಹುದು. ನಿಮ್ಮ ಠರಾವಲ್ಲಿ ‘ಅಚ್ಚುಕಟ್ಟಿನ ಎಕರೆವಾರು ಪಾಲು’ ಅಂತ ಹಾಕಿ. ಆವಾಗ ಯಾರದನ್ನೋ ಕಿತ್ತು ಯಾರಿಗೋ ಕೊಟ್ಟ ಹಾಗೆ ಕೇಳಿಸಲ್ಲ.

ಗಿರಣಿಗುಮಾಸ್ತ, ದಾವಣಗೆರೆ:

ಹಳೇಪಹಣಿಯವರ ಮಾತಿಗೆ ಒಂದು ಸೇರಿಸ್ತೀನಿ. ಅಕ್ಕಿ ನೋಡಿ. ಮೊದಲು ‘ಪಡಿತರ’, ಅಂದ್ರೆ ಅಳೆದು ಕೊಡೋದು. 2013ರಲ್ಲಿ ‘ಅನ್ನಭಾಗ್ಯ’ ಆಯ್ತು. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಬದಲು ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿದ್ರು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ನಮ್ಮ ಓಣಿಯ ಹೆಂಗಸರು ಯಾವತ್ತೂ ಕೇಳಿದ್ದು ‘ಅಕ್ಕಿ ಬಂತೇನವ್ವಾ, ದುಡ್ಡು ಬಂತೇನವ್ವಾ?’ ಅಂತ ಅಷ್ಟೇ.

ಇನ್ನು ನಮ್ಮ ಗಿರಣಿಯಲ್ಲಿ ಚಹಾ ಕುಡೀತಾ ಆ ಅಕ್ಕಿಯನ್ನ ‘ಬಿಟ್ಟಿ’ ಅನ್ನೋ ಮಂದಿಯೇ, ಹಣಕಾಸು ಆಯೋಗದ ಮಾತು ಬಂದರೆ ದನಿ ಬದಲಿಸ್ತಾರೆ. ಕೇಂದ್ರ ಹಂಚೋ ತೆರಿಗೆಯಲ್ಲಿ ಕರ್ನಾಟಕದ ಭಾಗ 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೇದರಲ್ಲಿ ಶೇ 3.647ಕ್ಕೆ ಇಳೀತು. ಆಗ ಅದು ‘ನಮ್ಮ ನ್ಯಾಯವಾದ ಪಾಲು’. ತಾನು ಕೊಡೋದಾದರೆ ಬಿಟ್ಟಿ, ತನಗೆ ಬರೋದಾದರೆ ಪಾಲು. ನಿಮ್ಮ ಮೇಲ್ಭಾಗದ ಹಿರಿಯರನ್ನ ಒಬ್ಬರನ್ನೇ ಬೈಯೋದು ಬೇಡ.

ವೇದಾವತಿ, ಹಿರಿಯೂರು:

ಕೊನೆತೂಬಿನ ಅಣ್ಣಾ, ಬೇಜಾರಾಗಬೇಡಿ. ನಿಮ್ಮ ನಾಲೆಗೆ ನೀವು ಕೊನೆ, ಆದರೆ ನಮಗೆ ನೀವೂ ಮೇಲ್ಭಾಗದವರೇ. ನಮ್ಮ ಚಿತ್ರದುರ್ಗದ ಕಡೆಗೆ ನೀರು ತರೋ ಭದ್ರಾ ಮೇಲ್ದಂಡೆ ಯೋಜನೆಗೆ ಇರೋದು 29.9 ಟಿಎಂಸಿ. ಅದರಲ್ಲಿ 17.4 ತುಂಗೆಯಿಂದ ಎತ್ತಿ ಭದ್ರೆಗೆ ಹಾಕೋದು, 12.5 ಭದ್ರೆಯದ್ದೇ. ನಮ್ಮ ಜಿಲ್ಲೆಯವರು ಇದಕ್ಕೆ ‘ಹಂಚಿಕೆ’ ಅಂದ್ರೆ ದಾವಣಗೆರೆ ಕಡೆ ‘ನಮ್ಮ ನೀರು ಒಯ್ತಾರೆ’ ಅಂತ ರಸ್ತೆಗೆ ಇಳೀತಾರೆ. ನಮ್ಮೂರ ಜಲಾಶಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ನೋಡೋಕೆ 2022ರವರೆಗೆ ಕಾಯಬೇಕಾಯ್ತು. ನಡುವಿನ ಅಷ್ಟೂ ವರ್ಷ ನಮ್ಮ ತೆಂಗು ಅಡಿಕೆ ತೋಟಗಳಿಗೆ ನಾವು ಹೊಡೆಸಿದ ಕೊಳವೆಬಾವಿಗಳ ಸಾಲ ಇನ್ನೂ ತೀರಿಲ್ಲ.

ಪದದ ವಿಷಯಕ್ಕೆ ಬಂದರೆ: ‘ಹಂಚಿಕೆ’ ಅನ್ನೋದು ಟ್ರಿಬ್ಯೂನಲ್ ಮಟ್ಟದ ಮಾತು. ಕೃಷ್ಣಾ ನೀರಿನ ಬಚಾವತ್ ತೀರ್ಪಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಅಂತ ಬರೆದಿದ್ದು ಹಂಚಿಕೆ. ಗೇಟು ಎತ್ತಿ ನಾಲೆಗೆ ಬಿಡೋದು ‘ವಿತರಣೆ’. ಗದ್ದೆ ಬದುವಿನ ಮೇಲೆ ರಾತ್ರಿ ಬ್ಯಾಟರಿ ಹಿಡಿದು ನಿಲ್ಲೋದು ‘ಪಾಳಿ’. ನಿಮ್ಮ ಸಂಘದ ಕೈಯಲ್ಲಿರೋದು ಮೂರನೇದು ಮಾತ್ರ.

ಕೊನೆತೂಬಿನವ:

ಅಕ್ಕಾ, ನೀವು ಹೇಳಿದ್ದು ಚುಚ್ಚಿತು, ಸುಳ್ಳು ಅನ್ನೋಕಾಗಲ್ಲ. ಆದರೆ 2023ರ ಬರದಲ್ಲಿ ನಾಲೆ ನೀರನ್ನ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ‘ಆನ್-ಆಫ್’ ಮಾಡಿದಾಗ ಇಲ್ಲಿ ದಾವಣಗೆರೆ ಬಂದ್ ಆಗಿದ್ದು ಸುಮ್ಮನೆ ಅಲ್ಲ. ನೀರು ಬಿಟ್ಟು ದಿನಗಟ್ಟಲೆ ಆದಮೇಲೆ ನಮ್ಮ ಹೊಲಗಾಲುವೆ ಒದ್ದೆಯಾಗ್ತದೆ, ಅಷ್ಟರಲ್ಲಿ ‘ಆಫ್’ ಬಂದಿರ್ತದೆ. ಲೆಕ್ಕದಲ್ಲಿ ಎಲ್ಲರಿಗೂ ಅಷ್ಟೇ ದಿನ, ಗದ್ದೆಯಲ್ಲಿ ಮಾತ್ರ ಅಲ್ಲ. ಅದಕ್ಕೇ ‘ಸಮಾನ’ ಅನ್ನೋ ಪದ ಕಂಡ್ರೆ ನನಗೆ ಮೈ ಉರೀತದೆ. ‘ಎಕರೆವಾರು ಪಾಲು, ಪಾಳಿ ಕೊನೆ ತೂಬಿನಿಂದ ಶುರು’ ಅಂತ ಬರೆದರೆ ಹೆಂಗೆ?

ಹಳೇಪಹಣಿ:

ಬರೀರಿ, ಆದರೆ ‘ಮಾಡತಕ್ಕದ್ದು’ ಅನ್ನೋದನ್ನ ತೆಗೀರಿ, ಯಾರು ಮಾಡಬೇಕು ಅಂತಲೇ ಅದರಲ್ಲಿ ಇರಲ್ಲ. ‘ಸೌಡಿ ಗೇಟು ಎತ್ತಬೇಕು, ಸಂಘದ ಇಬ್ಬರು ಸದಸ್ಯರು ಎದುರಿಗಿರಬೇಕು’ ಅಂತ ನೇರವಾಗಿ ಹಾಕಿ. ಜತೆಗೊಂದು ಪಟ್ಟಿ ಲಗತ್ತಿಸಿ: ತೂಬಿನ ನಂಬರು, ಎಕರೆ, ಗಂಟೆ. ಪಟ್ಟಿಗೆ ಮೇಲ್ಭಾಗದವರದೇ ಮೊದಲ ಸಹಿ ಮಾಡಿಸಿ.

ಗಿರಣಿಗುಮಾಸ್ತ:

ನಾಲೆಗೆ ಪಂಪ್‌ಸೆಟ್ ಇಟ್ಟು ಎತ್ತುವವರಿಗೆ ಯಾವ ಪದ?

ಕೊನೆತೂಬಿನವ:

ಅದಕ್ಕೆ ನಮ್ಮೂರಲ್ಲಿ ಪದ ಐತೆ, ಠರಾವಲ್ಲಿ ಬರೆಯೋ ಹಾಗಿಲ್ಲ. ‘ಅಕ್ರಮ ಪಂಪ್‌ಸೆಟ್’ ಅಂತ ಬೇರೆ ಪ್ಯಾರಾ ಮಾಡ್ತೀನಿ.