ಓದುಗರ ಸ್ಪಂದನ: ತಮ್ಮನ ಚಿಕಿತ್ಸೆಗೆ ತೋಟ ಅಡವಿಡಬೇಕೇ?

ತೀರ್ಥಹಳ್ಳಿ ಕಡೆಯ ಸೋದರಿಯೊಬ್ಬರು ಕಳೆದ ಸಂಚಿಕೆಯಲ್ಲಿ ಮನೆಯ ಕಷ್ಟ ಹೇಳಿಕೊಂಡಿದ್ದರು. ತಮ್ಮನಿಗೆ ಗಾಂಜಾ ಮತ್ತು ನೋವಿನ ಮಾತ್ರೆಯ ಚಟ. ಖಾಸಗಿ ಕೇಂದ್ರಕ್ಕೆ ಸೇರಿಸಲು ಅಡಿಕೆ ಫಸಲನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಾಯಿತು. ಬಿಟ್ಟಿದ್ದ ಚಟ ಮತ್ತೆ ಶುರುವಾಗಿದೆ. ಈಗ ತೋಟವನ್ನೇ ಅಡವಿಡಬೇಕಾ, ಇಲ್ಲಾ ಸರ್ಕಾರದ ನೆರವು ಕೇಳುವುದು ಸರಿಯಾ ಎಂಬುದು ಅವರ ಪ್ರಶ್ನೆ. "ತಾನೇ ತಂದುಕೊಂಡ ರೋಗಕ್ಕೆ ಊರವರ ದುಡ್ಡು ಯಾಕೆ" ಎನ್ನುತ್ತಾರಂತೆ ಅವರ ಭಾವ.

ಭದ್ರಾವತಿಯಿಂದ:
ಸೇದುವಾಗ ಯಾರನ್ನಾದರೂ ಕೇಳಿದ್ದನಾ? ನಿಮ್ಮ ಭಾವ ಹೇಳಿದ್ದೇ ಸರಿ. ತೋಟ ಮುಟ್ಟಬೇಡಿ.

ತೋಟದ ಮಾತನ್ನು ಹೆಚ್ಚಿನ ಓದುಗರು ಒಪ್ಪಿದ್ದಾರೆ. ಉಳಿದ ಮಾತಿಗೆ ಹೊಸನಗರದ ಈ ಪತ್ರವನ್ನು ಪೂರ್ತಿ ಕೊಡುತ್ತಿದ್ದೇವೆ.

ಹೊಸನಗರದಿಂದ:
ತಂಗಿ, ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಮ್ಮನದೂ ಇದೇ ಕತೆ. ಕೊಯ್ಲಿನ ದುಡ್ಡನ್ನೆಲ್ಲ ಒಂದು ಕೇಂದ್ರಕ್ಕೆ ಸುರಿದೆವು. ಅಲ್ಲಿಗೆ ಡಾಕ್ಟರು ಬರುತ್ತಿದ್ದದ್ದೇ ಅಪರೂಪ. ಕೋಣೆಗೆ ಬೀಗ ಹಾಕುವುದೇ ಅವರ ಚಿಕಿತ್ಸೆ. ಮನೆಗೆ ಬಂದವನು ಚೆನ್ನಾಗೇ ಇದ್ದ. ಕೊಟ್ಟಿಗೆ ಕೆಲಸ ನೋಡಿಕೊಂಡ, ಅಡಿಕೆ ಕೊನೆಗಳಿಗೆ ಔಷಧಿ ಹೊಡೆಸುವಾಗ ಆಳುಗಳ ಜೊತೆ ಓಡಾಡಿದ. ಮಳೆಗಾಲ ಮುಗಿಯುವ ಮೊದಲೇ ಮತ್ತೆ ಜಾರಿದ. ಎರಡನೇ ಸಲ ಸೇರಿಸೋಣ ಅಂದರೆ ಅಪ್ಪನ ಕೈಯಲ್ಲಿ ಕಾಸಿರಲಿಲ್ಲ. ನೆಂಟರೆಲ್ಲ "ಮಾಡಿದ್ದನ್ನ ಅವನೇ ಉಣ್ಣಲಿ" ಅಂದರು. ಅವನು ಮೊದಲು ನುಂಗುತ್ತಿದ್ದಷ್ಟೇ ಮಾತ್ರೆ ನುಂಗಿದ. ಸ್ವಲ್ಪ ಕಾಲ ಬಿಟ್ಟಿದ್ದ ದೇಹ ಹಳೆ ಪ್ರಮಾಣವನ್ನು ತಡೆಯುವುದಿಲ್ಲವಂತೆ, ಉಸಿರೇ ನಿಂತುಹೋಗುತ್ತದಂತೆ. ಇದನ್ನು ಡಾಕ್ಟರು ನಮಗೆ ಹೇಳಿದ್ದು ಅವನು ಹೋದ ಮೇಲೆ. ಮನೆಗೆ ಕಳಿಸುವಾಗ ಆ ಕೇಂದ್ರದವರು ಈ ಒಂದು ಮಾತು ಹೇಳಬಾರದಿತ್ತಾ? ಅವನದು ತಪ್ಪೇ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಬೀಡಿ ಸೇದಿ ಎದೆನೋವು ಬಂದವರನ್ನು ಸರ್ಕಾರಿ ಆಸ್ಪತ್ರೆಯಲ್ಲಿ "ನೀನೇ ತಂದುಕೊಂಡಿದ್ದು" ಅಂತ ಯಾರೂ ವಾಪಸ್ ಕಳಿಸಲ್ಲ ಅಲ್ವಾ? ನನ್ನ ತಮ್ಮನಿಗೆ ಮಾತ್ರ ಯಾಕೆ ಆ ಲೆಕ್ಕ?

ಶಿಕಾರಿಪುರದ ನಿವೃತ್ತ ಶಿಕ್ಷಕಿ:
ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಇನ್ನೊಬ್ಬರ ಮನೆ ಹೆಣ್ಣುಮಗಳು ಔಷಧಿಯಲ್ಲ.

ಮದುವೆಯ ವಿಷಯ ಮೂಲ ಪತ್ರದಲ್ಲಿ ಇರಲಿಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ.

ಸಾಗರದ ವಕೀಲರು:
ಸರ್ಕಾರದ ನೆರವು ಭಿಕ್ಷೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಎಂದೇ ಎಣಿಸುತ್ತದೆ. ಸರ್ಕಾರಿ ಚಿಕಿತ್ಸೆ ಪಡೆಯುವುದು ಹಕ್ಕು. ಪೊಲೀಸರಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. ಸ್ವಂತ ಬಳಕೆಗೆ ಸಿಕ್ಕಿಬಿದ್ದ ವ್ಯಸನಿ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆ ಪಡೆದರೆ, 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 64ಎ ಕಲಂ ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇನ್ನು ತೆರಿಗೆ ದುಡ್ಡಿನ ಮಾತು. 2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಪ್ರಕಾರ, ಮಾದಕ ವಸ್ತುವಿಗೆ ಅಂಟಿಕೊಂಡವರಲ್ಲಿ ಚಿಕಿತ್ಸೆ ಸಿಗುತ್ತಿರುವುದು 20ಕ್ಕೆ ಒಬ್ಬರಿಗೆ. ಪೋಲಾಗುವಷ್ಟು ಖರ್ಚು ಎಲ್ಲಿ ಆಗುತ್ತಿದೆ?

ವಕೀಲರು ಹೇಳಿದ 64ಎ ಕಲಮಿನಲ್ಲಿ ಸರ್ಕಾರದ ಪಾಲೂ ಇದೆ, ತಮ್ಮನ ಪಾಲೂ ಇದೆ. ಭಾವನವರಿಗೂ ಓದಿ ಹೇಳಬಹುದು. ಮುಂದಿನದು ಚಟ ಬಿಟ್ಟಿರುವ ಯುವಕನ ಪತ್ರ.

ಶಿವಮೊಗ್ಗದಿಂದ:
ಅಕ್ಕಾ, ಭಾವ ಏನಂದರು ಅಂತ ಬರೆದಿದ್ದೀರಿ, ತಮ್ಮ ಏನಂದ ಅಂತ ಬರೆದಿಲ್ಲ. ಅವನನ್ನು ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ಅವನೇ ವಿಚಾರಿಸಲಿ. ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವನೇ ಫೋನ್ ಮಾಡಲಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ತೊಂದರೆ ಜಾಸ್ತಿ ಇದ್ದರೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಕಳಿಸಬಹುದು. ಕೊಟ್ಟ ಔಷಧಿ ತಪ್ಪದೆ ತಗೊಳ್ಳೋದು, ಹಳೆ ಗೆಳೆಯರ ಫೋನ್ ಎತ್ತದೇ ಇರೋದು ಅವನ ಕೆಲಸ. ಜೊತೆಗೆ ನೀವೂ ಹೋಗಿ. ಬಸ್ ಚಾರ್ಜು ನೀವೇ ಕೊಡಿ, ಅವನ ಕೈಗೆ ದುಡ್ಡು ಕೊಡಬೇಡಿ.